ಚಕ್ಕುಲಿ ಒರಳಿನ ಶ್ಪೆಟ್ಸ್‌ಲೆ

ಹೆಂಡತಿ ತೀರಿಕೊಂಡ ಗಂಡಸಿಗೆ ಅಮೆರಿಕದ ಈ ಕ್ಯಾರಿಯಲ್ಲಿ ಮೊದಲು ಬಂದು ತಲುಪುವುದು ಸಾಂತ್ವನವಲ್ಲ, ಅಲ್ಯೂಮಿನಿಯಂ ಟ್ರೇ. ರತ್ನ ಹೋದ ಎರಡನೇ ವಾರಕ್ಕೆ ನನ್ನ ಫ್ರಿಜ್‌ನಲ್ಲಿ ಏಳು ಟ್ರೇಗಳಿದ್ದವು. ಅವುಗಳಲ್ಲಿ ಐದು ಬಿಸಿಬೇಳೆಬಾತ್. ಯಾರು ಯಾವ ದಿನ ತರಬೇಕೆಂದು ವಾಟ್ಸ್ಯಾಪ್ ಗುಂಪಿನಲ್ಲಿ ಪಟ್ಟಿ ಮಾಡಿದ್ದರಂತೆ, ಏನು ತರಬೇಕೆಂದು ಮಾತ್ರ ಮಾತಾಡಿಕೊಂಡಿರಲಿಲ್ಲ. ತಂದವರು ಬಾಗಿಲಲ್ಲೇ ನಿಂತು, ಮುಖ ಸಣ್ಣಗೆ ಮಾಡಿಕೊಂಡು, ಮೈಕ್ರೋವೇವ್‌ನಲ್ಲಿ ಎಷ್ಟು ನಿಮಿಷ ಇಡಬೇಕೆಂದು ಹೇಳಿ ಹೋಗುತ್ತಿದ್ದರು. ಮಾರನೆಯ ದಿನ ಹೇಗಿತ್ತೆಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಿದ್ದೆ. ಈ ಒಂದು ಪದವನ್ನು ಮೂವತ್ತು ವರ್ಷದ ಸಂಸಾರದಲ್ಲಿ ಬಳಸಿ ಬಳಸಿ ನುಣುಪು ಮಾಡಿಟ್ಟುಕೊಂಡವನು ನಾನು. ಹೆಚ್ಚು ಓದಿದವನಲ್ಲ. ಡಿಪ್ಲೊಮಾ ಮುಗಿಸಿ ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿಗೆ ಸೇರಿದವನು. ಸದ್ದು ಬಂದ ಕಡೆ ಎಣ್ಣೆ ಬಿಡಬೇಕು ಎಂಬುದು ನಾನು ಕಲಿತ ದೊಡ್ಡ ವಿದ್ಯೆ. ಮನೆಯಲ್ಲಿ ಆ ಎಣ್ಣೆಯ ಹೆಸರು ‘ಚೆನ್ನಾಗಿದೆ’.

ಈಗ ಹೇಳಹೊರಟಿರುವುದು ಟ್ರೇಗಳ ವಿಷಯವಲ್ಲ. ಒಂದೂವರೆ ವರ್ಷ ಪ್ರತಿ ಭಾನುವಾರ ನಾನು ಒಂದೇ ಒಂದು ಅಡುಗೆ ಮಾಡಲು ಹೋಗಿ ಸೋತೆ. ಅದರ ಹೆಸರು ಶ್ಪೆಟ್ಸ್‌ಲೆ. ಕಂಪನಿಯವರು ಇಲ್ಲಿಗೆ, ಈ ಕ್ಯಾರೊಲಿನಾಕ್ಕೆ, ಕಳಿಸುವ ಮೊದಲು ನಮ್ಮನ್ನು ಎಂಟು ವರ್ಷ ದಕ್ಷಿಣ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಪುಟ್ಟ ಊರಿನಲ್ಲಿ ಇಟ್ಟಿದ್ದರು. ಅಲ್ಲಿಯವರು ಮೈದಾ ಹಿಟ್ಟನ್ನು ಮೊಟ್ಟೆ ಹಾಕಿ ಕಲಸಿ, ಕುದಿಯುವ ನೀರಿಗೆ ಒತ್ತಿ, ತೇಲಿ ಬಂದದ್ದನ್ನು ಜಾಲರಿ ಸೌಟಿನಲ್ಲಿ ತೆಗೆದು, ಬೇಯಿಸಿದ ಬೇಳೆಯ ಜೊತೆ ತಿನ್ನುತ್ತಾರೆ. ಮೊದಲ ಸಲ ನೋಡಿದಾಗ ರತ್ನ ಕೇಳಿದ್ದು ಇಷ್ಟೇ: “ಶಾವಿಗೆಗೆ ತೊವ್ವೆ ಹಾಕ್ಕೊಂಡು ತಿಂತಿದಾರೆ. ಇದರಲ್ಲಿ ಜರ್ಮನ್ ಏನ್ ಬಂತು?”

ರತ್ನಳ ಸಾರು ಹುಳಿಗಳನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅಂಥವು ಹೇಗೋ ಟ್ರೇಗಳಲ್ಲಿ ಬರುತ್ತವೆ. ಶ್ಪೆಟ್ಸ್‌ಲೆ ಮಾತ್ರ ಅವಳೊಬ್ಬಳದು. ಅದರ ರುಚಿ ದಿನದಿಂದ ದಿನಕ್ಕೆ ನಾಲಿಗೆಯಿಂದ ಜಾರುತ್ತಿದೆ ಎಂಬ ಹೆದರಿಕೆ ನನ್ನನ್ನು ಒಲೆಯ ಮುಂದೆ ನಿಲ್ಲಿಸಿತು. ಪೂರ್ತಿ ಮರೆಯುವ ಮೊದಲು ಒಂದೇ ಒಂದು ಸಲ ಅದನ್ನು ತಿನ್ನಬೇಕಿತ್ತು.

ಜರ್ಮನಿಯ ಆ ಭಾಗದಲ್ಲಿ ಮುದ್ದು ಬಂದದ್ದಕ್ಕೆಲ್ಲ ಕೊನೆಗೆ ‘ಲೆ’ ಸೇರಿಸುತ್ತಾರೆ. ಮನೆ ಚಿಕ್ಕದಾಗಿದ್ದರೆ ಹೊಯ್ಸ್‌ಲೆ. ತಿಂಡಿ ಶ್ಪೆಟ್ಸ್‌ಲೆ. ನಮ್ಮ ಕೆಳಗಿನ ಮನೆಯ ಮುದುಕಿಯ ಹೆಸರೇ ಫ್ರಾವ್ (ಅಂದರೆ ಶ್ರೀಮತಿ) ಎಬರ್ಲೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಇದು ಹೇಗೆ ಕೇಳಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ. ನಾನು ರತ್ನಳನ್ನು ‘ಲೇ’ ಎಂದೇ ಕರೆಯುತ್ತಿದ್ದವನು. ಅದು ಅವಳಿಗೆ ಮದುವೆಯಾದ ದಿನದಿಂದಲೂ ಹಿಡಿಸುತ್ತಿರಲಿಲ್ಲ. ಅಂಥವಳನ್ನು ತಂದು ಊರಿಗೆ ಊರೇ ‘ಲೇ’ ಅನ್ನುವ ಕಡೆ ಇಳಿಸಿದ್ದೆ.

ಅಲ್ಲಿಯದು ಇನ್ನೊಂದು ಪದ್ಧತಿ. ಕಟ್ಟಡದ ಮೆಟ್ಟಿಲನ್ನು ವಾರಕ್ಕೊಂದು ಮನೆಯವರು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಮರದ ಹಲಗೆಯೊಂದನ್ನು ನೇತುಹಾಕುತ್ತಾರೆ. ನಾವು ಹೋಗಿ ಹತ್ತು ದಿನವಾಗಿರಲಿಲ್ಲ, ಫ್ರಾವ್ ಎಬರ್ಲೆ ಮೇಲೆ ಬಂದು ಹಲಗೆಯನ್ನು ನಮ್ಮ ಬಾಗಿಲಿಗೆ ಸಿಕ್ಕಿಸಿ, ಪೊರಕೆಯನ್ನು ರತ್ನಳ ಕೈಗೆ ಕೊಟ್ಟು, ಕೆನ್ನೆ ತಟ್ಟಿ ‘ಮೇಡ್‌ಲೆ’ ಎಂದು ಏನೋ ಹೇಳಿ ಇಳಿದುಹೋದಳು. ಸಂಜೆ ನಾನು ಬರುವಷ್ಟರಲ್ಲಿ ರತ್ನ ಸೂಟ್‌ಕೇಸ್ ತೆಗೆದಿಟ್ಟಿದ್ದಳು.

“ಆಯಮ್ಮ ನನ್ನ ಮೇಡ್ ಅಂತಾಳೆ. ಅದೂ ಬರೀ ಮೇಡ್ ಅಲ್ಲ, ಮೇಡ್, ಲೇ! ಪೊರಕೆ ಬೇರೆ ಕೈಗೆ ಕೊಟ್ಟು. ಲೇ ಅನ್ನಿಸ್ಕೊಳೋಕೆ ನೀವೊಬ್ರು ಸಾಲದು ಅಂತ ಇಷ್ಟು ದೂರ ಕರ್ಕೊಂಬಂದ್ರಾ?”

ನಾನು ಸಮಜಾಯಿಷಿ ಹೇಳಲು ಹೋದೆ. ಆ ಪದದ ಅರ್ಥ ನನಗೂ ಗೊತ್ತಿರಲಿಲ್ಲ, ಸೂಟ್‌ಕೇಸನ್ನು ಮಾತ್ರ ಹೊತ್ತು ಅದರ ಜಾಗಕ್ಕೆ ಇಟ್ಟೆ. ಒಂದು ತಿಂಗಳು ಅವಳು ಮೆಟ್ಟಿಲಿನಲ್ಲಿ ಮುದುಕಿ ಎದುರಾದರೆ ಗೋಡೆ ನೋಡಿಕೊಂಡು ಇಳಿದಳು. ಸರದಿ ಬಂದ ವಾರ ಮಾತ್ರ, ಯಾರೂ ಬೆರಳು ತೋರಿಸಬಾರದೆಂದು, ಮೆಟ್ಟಿಲನ್ನು ಉಳಿದ ಮೂರು ಮನೆಯವರಿಗೂ ನಾಚಿಕೆಯಾಗುವಂತೆ ಉಜ್ಜಿ, ಕೆಳಗಿನ ಮೆಟ್ಟಿಲಿಗೆ ಎರಡೆಳೆ ರಂಗೋಲಿ ಬಿಟ್ಟು ಬಂದಳು. ಕೊನೆಗೆ ಶಿಶುವಿಹಾರದಿಂದ ಬಂದ ನಮ್ಮ ಮಗಳು ಚೈತ್ರ, ತನ್ನ ಟೀಚರ್ ಹುಡುಗಿಯರನ್ನೆಲ್ಲ ಮೇಡ್‌ಲೆ ಅಂತಲೇ ಕರೆಯುವುದು ಎಂದು ಹೇಳಿದಳು. ಅಂದರೆ ‘ಪುಟ್ಟ ಹುಡುಗಿ’. ಮೂವತ್ತೆರಡು ವರ್ಷದ ರತ್ನ ಒಂದು ತಿಂಗಳು ಮುನಿಸಿಕೊಂಡಿದ್ದು, ತನ್ನನ್ನು ಪುಟ್ಟಿ ಎಂದು ಕರೆದದ್ದಕ್ಕೆ.

ಅವಮಾನ ತೊಳೆಯಲು ಅವಳು ಆ ರಾತ್ರಿಯೇ ಚಕ್ಕುಲಿ ಮಾಡಿ ಕೆಳಗೆ ಕೊಟ್ಟಳು. ಫ್ರಾವ್ ಎಬರ್ಲೆಗೆ ಚಕ್ಕುಲಿಗಿಂತ ಅದನ್ನು ಒತ್ತಿದ ಹಿತ್ತಾಳೆಯ ಒರಳು ಹಿಡಿಸಿತು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಒಳ್ಳೆಯ ಯಂತ್ರ ಇಟ್ಟುಕೊಂಡು ಶ್ಪೆಟ್ಸ್‌ಲೆ ಮಾಡದವಳು ಮೂರ್ಖಳು ಎಂದಳಂತೆ. ಹಾಗೆ ಶುರುವಾಯಿತು. ಅಂದಿನಿಂದ ನಾನು ‘ಲೇ’ ಎಂದು ಕರೆದಾಗ ರತ್ನ ಮುಖ ಗಂಟಿಕ್ಕುವುದನ್ನು ಬಿಟ್ಟಳು. “ಅನ್ನಿ, ಅನ್ನಿ. ಇನ್ಮೇಲೆ ಜರ್ಮನ್‌ನಲ್ಲಿ ಅಂದ್ರಿ ಅಂದ್ಕೋತೀನಿ” ಎನ್ನುತ್ತಿದ್ದಳು.

ಭಾನುವಾರ ಅಲ್ಲಿ ಅಂಗಡಿ ಇರುವುದಿಲ್ಲ, ಸದ್ದು ಮಾಡುವಂತಿಲ್ಲ, ಬಟ್ಟೆ ಒಗೆದರೂ ಪಕ್ಕದವರು ಕೆಮ್ಮುತ್ತಾರೆ. ಉಳಿಯುವುದು ನಡೆಯುವುದೊಂದೇ. ಫ್ರಾವ್ ಎಬರ್ಲೆ ಎರಡು ಕೋಲು ಹಿಡಿದು ಮುಂದೆ, ನಾವು ಮೂವರು ಹಿಂದೆ, ದ್ರಾಕ್ಷಿ ತೋಟದ ಗುಡ್ಡ ಹತ್ತುತ್ತಿದ್ದೆವು. ಮೇಲೆ ಹೋಗಿ ಮಾಡುವುದೇನೂ ಇಲ್ಲ. ಒಂದು ಬೆಂಚಿನ ಮೇಲೆ ಕೂತು, ಊರು ಕಂಡಿತೇ ಎಂದು ನೋಡಿ, ಕಂಡಿತು ಎಂದು ಹೇಳಿ, ಇಳಿಯುವುದು. ಎರಡೂವರೆ ಗಂಟೆ. ಮನೆಗೆ ಬಂದ ಕೂಡಲೇ ರತ್ನ ಒರಳು ತೆಗೆಯುತ್ತಿದ್ದಳು. ಹಬೆಯಾಡುವ ಶ್ಪೆಟ್ಸ್‌ಲೆಯ ಮೇಲೆ ಮಜ್ಜಿಗೆಹುಳಿ ಹೊಯ್ದುಕೊಂಡು ಮೂರು ತಟ್ಟೆ ತಿಂದು ನಾನು ‘ಚೆನ್ನಾಗಿದೆ’ ಎನ್ನುತ್ತಿದ್ದೆ.

ಕ್ಯಾರಿಯಲ್ಲಿ ಅದೇ ಒರಳು, ಅದೇ ಬಿಲ್ಲೆ, ರತ್ನಳ ಕೈಬರಹದ ಅದೇ ಪುಸ್ತಕ. ಮೈದಾ ಮೂರು ಪಾವು, ಅಕ್ಕಿಹಿಟ್ಟು ಒಂದು ಹಿಡಿ, ಮಜ್ಜಿಗೆ, ಉಪ್ಪು, ಚಿಟಿಕೆ ಇಂಗು. ಅಕ್ಷರ ತಪ್ಪದೆ ಮಾಡಿದೆ. ಬಂದದ್ದು ಮಾತ್ರ ನಮ್ಮ ಕಾರ್ಖಾನೆಯ ರಬ್ಬರ್ ಗ್ಯಾಸ್ಕೆಟ್. ಮೊದಲು ಇಲ್ಲಿನ ಮೈದಾ ಸರಿಯಿಲ್ಲ ಎಂದುಕೊಂಡೆ. ಆಮೇಲೆ ನೀರು. ಆಮೇಲೆ ಕರೆಂಟಿನ ಒಲೆ. ಒರಳನ್ನು ಬಿಚ್ಚಿ, ಬಿಲ್ಲೆಯ ತೂತುಗಳನ್ನು ಅಳೆದು, ಮೈಕ್ರೋಮೀಟರ್ ಹಿಡಿದು ಕೂತ ಭಾನುವಾರವೂ ಒಂದಿತ್ತು. ಪ್ರತಿ ವಾರವೂ ಒಂದು ತುತ್ತು ಬಾಯಿಗಿಟ್ಟು, ಇದಲ್ಲ ಎಂದು ಉಳಿದದ್ದನ್ನು ಕಸದ ಡಬ್ಬಿಗೆ ಸುರಿದೆ. ಪಕ್ಕದ ಡರ್ಹಮ್‌ನಲ್ಲಿ ಲ್ಯಾಬ್ ಕೆಲಸದಲ್ಲಿರುವ ಚೈತ್ರ ಬರುವ ಹೊತ್ತಿಗೆ ಪಾತ್ರೆ ತೊಳೆದಿಟ್ಟಿರುತ್ತಿದ್ದೆ. ಅಮ್ಮನ ಅಡುಗೆಯನ್ನು ಅಪ್ಪ ಕೆಡಿಸಿದ ಎಂದು ಅವಳಿಗೆ ಗೊತ್ತಾಗುವುದು ಬೇಡವಾಗಿತ್ತು.

ಹೀಗಿರುವಾಗ ಎದುರುಮನೆಯ ಪದ್ಮಜಾ ನನ್ನ ದುಃಖಕ್ಕೆ ಒಂದು ಔಟಿಂಗ್ ಬರೆದುಕೊಟ್ಟಳು. ನಾನು ಮನೆಯಲ್ಲೇ ಕೂತರೆ ಡಿಪ್ರೆಷನ್ ಬರುತ್ತದೆಂದು ಅವಳು ಪಾಡ್‌ಕಾಸ್ಟ್ ಒಂದರಲ್ಲಿ ಕೇಳಿದ್ದಳಂತೆ. “ಅಂಕಲ್, ಜಾರ್ಜಿಯಾ ಸ್ಟೇಟ್‌ನ ಅಲ್ಫರೆಟಾದಲ್ಲಿ ನನ್ನ ಬ್ರದರ್ ಮನೆ ಇದೆ. ಅಲ್ಲಿಂದ ಒಂದೂವರೆ ಗಂಟೆ ಡ್ರೈವ್ ಮಾಡಿದ್ರೆ ಪೂರ್ತಿ ಜರ್ಮನ್ ಟೌನೇ ಇದೆ. ನಿಮಗೆ ಫುಲ್ ಹೋಮ್ ಫೀಲ್ ಬರತ್ತೆ” ಎಂದಳು. ಮೈಸೂರಿನವನ ಹೋಮ್ ಜಾರ್ಜಿಯಾದ ಜರ್ಮನ್ ಊರಿನಲ್ಲಿ ಇರುತ್ತದೆ ಎಂಬ ತರ್ಕವನ್ನು ಒಡೆಯಲು ನನಗೆ ಶಕ್ತಿ ಇರಲಿಲ್ಲ. ಆರು ಗಂಟೆ ಅವಳ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಅವಳ ಗಂಡ ಸುಧೀರ ಗ್ರೀನ್ ಕಾರ್ಡಿನ ಕ್ಯೂ ಬಗ್ಗೆ ಹೇಳಿದ್ದನ್ನೆಲ್ಲ ಕೇಳಿಕೊಂಡು ಹೋದೆ.

ಊರು ಸುಂದರವಾಗಿಯೇ ಇತ್ತು. ಅಂಗಡಿಗಳಿಗೆಲ್ಲ ಇಳಿಜಾರು ಮಾಡು, ಕಿಟಕಿಗೆ ಹೂಕುಂಡ, ಗೋಡೆಗೆ ಬಣ್ಣದ ಮರದ ತೊಲೆ. ಒಂದು ತೊಲೆಯನ್ನು ಬೆರಳಿನಲ್ಲಿ ತಟ್ಟಿ ನೋಡಿದೆ, ಒಳಗೆ ಪೊಳ್ಳು. ಎಲ್ಲ ಬವೇರಿಯಾದ ಶೈಲಿ. ನಾವಿದ್ದದ್ದು ಬವೇರಿಯಾ ಅಲ್ಲ, ಪಕ್ಕದ ಸೀಮೆ. ಅಲ್ಲಿಯವರಿಗೆ ಬವೇರಿಯಾದವರೆಂದರೆ ಅಷ್ಟಕ್ಕಷ್ಟೇ. ಮೈಸೂರಿನವನಿಗೆ ಧಾರವಾಡದ ಪಟಗ ಸುತ್ತಿ, ನಿನ್ನೂರು ಬಂತು ಇಳಿ ಎಂದ ಹಾಗಾಗಿತ್ತು. ಚರ್ಮದ ಚಡ್ಡಿ ತೊಟ್ಟ ವೇಟರ್ ಅಪ್ಪಟ ಜಾರ್ಜಿಯಾ ರಾಗದಲ್ಲಿ ನಮ್ಮನ್ನು ಸ್ವಾಗತಿಸಿದ. ಪಟ್ಟಿಯಲ್ಲಿ ಶ್ಪೆಟ್ಸ್‌ಲೆ ಇತ್ತು. ಅದನ್ನೇ ತರಲು ಹೇಳಿದೆ. ಬಂದದ್ದನ್ನು ಬಾಯಿಗಿಟ್ಟರೆ ಹತ್ತಿಯಂತೆ ಮೆತ್ತಗೆ, ಹಳದಿ ಬಣ್ಣ, ಹಲ್ಲಿಗೆ ಕೆಲಸವೇ ಇಲ್ಲ.

ಆ ಮಧ್ಯಾಹ್ನ ನಾನು ಸುಧೀರನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಇದು ನಕಲಿ, ಅಮೆರಿಕದವರಿಗೆ ಎಲ್ಲವೂ ಮೆತ್ತಗಿರಬೇಕು, ಅಸಲಿ ಶ್ಪೆಟ್ಸ್‌ಲೆಗೆ ಒಂದು ಗಟ್ಟಿತನ ಇರುತ್ತದೆ, ಎಂಟು ವರ್ಷ ಅಲ್ಲಿ ತಿಂದವನಿಗೆ ಗೊತ್ತಿಲ್ಲವೇ ಎಂದೆಲ್ಲ. ಸುಧೀರ ತಲೆಯಾಡಿಸುತ್ತಾ ನನ್ನ ತಟ್ಟೆಯದನ್ನೂ ತಿಂದು ಮುಗಿಸಿದ.

ವಾಪಸು ಬಂದ ಭಾನುವಾರ ಚೈತ್ರಳಿಗೆ ಸತ್ಯ ಹೇಳಿಬಿಟ್ಟೆ. ಅಮ್ಮ ಪುಸ್ತಕದಲ್ಲಿ ಬರೆಯದೆ ಇನ್ನೇನನ್ನೋ ಹಾಕುತ್ತಿದ್ದಳು, ಅದು ಫ್ರಾವ್ ಎಬರ್ಲೆಗೆ ಗೊತ್ತಿರಬೇಕು ಎಂದೆ. ಮುದುಕಿಗೆ ಈಗ ಎಂಬತ್ತಾರು. ಮೊಮ್ಮಗ ಟ್ಯಾಬ್ಲೆಟ್ ಕೊಡಿಸಿದ್ದಾನೆ, ಕ್ರಿಸ್‌ಮಸ್‌ಗೆ ಚೈತ್ರಳ ಜೊತೆ ಅದರಲ್ಲೇ ಮಾತಾಡುತ್ತಾರೆ. ಚೈತ್ರ ಕರೆ ಮಾಡಿದಳು. ತೆರೆಯ ಮೇಲೆ ಮೊದಲು ಒಂದು ಕಿವಿ, ಆಮೇಲೆ ಛಾವಣಿ, ಆಮೇಲೆ ಫ್ರಾವ್ ಎಬರ್ಲೆ ಬಂದರು. ಸೊರಗಿದ್ದರು. ಕುಶಲ ಮುಗಿದ ಮೇಲೆ ನನ್ನ ಕಾರ್ಖಾನೆಯ ಜರ್ಮನ್‌ನಲ್ಲಿ, ರತ್ನ ಶ್ಪೆಟ್ಸ್‌ಲೆಗೆ ಏನು ಹಾಕುತ್ತಿದ್ದಳು ಎಂದು ಕೇಳಿದೆ.

ಅವರು ಒಂದು ಮಾತು ಹೇಳಿದರು. ಚೈತ್ರ ನನ್ನ ಮುಖ ನೋಡಿ ಅನುವಾದ ಮಾಡದೆ ನಿಂತಳು. ಮಾಡಬೇಕಿರಲಿಲ್ಲ, ನನಗೆ ಅರ್ಥವಾಗಿತ್ತು. “ಹಾಕ್ತಿದ್ದದ್ದಲ್ಲ ಹೆರ್ ಮೂರ್ತಿ, ಹಾಕದೇ ಇದ್ದದ್ದು. ಮೊಟ್ಟೆ.”

ಐದು ಮೊಟ್ಟೆ ಎಂದು ಕಲಿಸಿದ್ದರಂತೆ. ಮೊಟ್ಟೆ ಮುಟ್ಟದ ರತ್ನ ತಲೆಯಾಡಿಸಿ ಬಂದು ಒಂದನ್ನೂ ಹಾಕಿರಲಿಲ್ಲ. ಮೊದಲ ದಿನ ಬಣ್ಣ ನೋಡಿದಾಗಲೇ ಅವರಿಗೆ ಗೊತ್ತಾಗಿತ್ತು. ತನ್ನ ಸರದಿ ಮುಗಿದ ಪ್ರತಿ ಶನಿವಾರ ರತ್ನ ಹಲಗೆ ದಾಟಿಸುವಾಗ ಒಂದೊಂದು ತಟ್ಟೆ ಶ್ಪೆಟ್ಸ್‌ಲೆಯನ್ನೂ ಮೂರು ಮನೆಯ ಬಾಗಿಲಿಗೆ ಇಟ್ಟು ಬರುತ್ತಿದ್ದಳು. ಅದು ರಬ್ಬರಿನಂತಿತ್ತು, ಕಟ್ಟಡದಲ್ಲಿ ಯಾರಿಗೂ ಹೇಳುವ ಧೈರ್ಯವಿರಲಿಲ್ಲ, ಎರಡನೇ ಮಹಡಿಯ ನಾಯಿಯೂ ಮುಟ್ಟುತ್ತಿರಲಿಲ್ಲ ಎಂದು ಆ ಸೀಮೆಯವರ ನೇರ ಮಾತಿನಲ್ಲಿ ಹೇಳಿದರು. ಹಾಗಾದರೆ ನೀವೇನು ಮಾಡುತ್ತಿದ್ದಿರಿ ಎಂದು ಚೈತ್ರ ಕೇಳಿದಳು.

“ಬೆಣ್ಣೇಲಿ ಚೆನ್ನಾಗಿ ಹುರಿದು, ಈರುಳ್ಳಿ ಹಾಕಿ, ತಿಂತಿದ್ದೆ. ಎಂಟು ವರ್ಷ. ಅವಳು ನನ್ನ ಮೇಡ್‌ಲೆ ಅಲ್ವಾ.”

ಕರೆ ಮುಗಿದ ಮೇಲೆ ಚೈತ್ರ ಕಣ್ಣು ಒರೆಸಿಕೊಂಡು, “ಅಪ್ಪ, ಇಟ್ ವಾಸ್ ಆಲ್ವೇಸ್ ಲೈಕ್ ದಟ್. ನೀನು ದಿನಾ ಚೆನ್ನಾಗಿದೆ ಅಂತಿದ್ದೆ, ಸೋ ನಾನೂ ಅಂತಿದ್ದೆ” ಎಂದಳು. ಆಮೇಲೆ ನಗಲು ಶುರುಮಾಡಿದಳು. ನನಗೆ ನಗು ತಡವಾಗಿ ಬಂತು. ಒಂದೂವರೆ ವರ್ಷ, ವಾರಕ್ಕೊಂದರಂತೆ, ರತ್ನಳ ಕೈಯಡುಗೆಯನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಮಾಡಿ, ರತ್ನಳದ್ದಲ್ಲ ಎಂದು ಕಸಕ್ಕೆ ಸುರಿದಿದ್ದೆ. ಗುಡ್ಡ ಹತ್ತಿ ಬಂದ ಹಸಿವನ್ನು ರುಚಿ ಎಂದು ನೆನಪಿಟ್ಟುಕೊಂಡಿದ್ದೆ. ಜಾರ್ಜಿಯಾದ ಆ ಚಡ್ಡಿಯ ವೇಟರ್‌ಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಮುಂದಿನ ಭಾನುವಾರ ಮತ್ತೆ ಮಾಡಿದೆ. ಈ ಸಲ ಚೆಲ್ಲಲಿಲ್ಲ. ಹಿಂದಿರುಗಿಸದೆ ಉಳಿದಿದ್ದ ಪದ್ಮಜಾಳ ಟ್ರೇ ಒಂದಿತ್ತು. ಅದರಲ್ಲಿ ತುಂಬಿ, ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಎಂದು ಹೇಳಿ, ಎದುರುಮನೆಗೆ ಕೊಟ್ಟು ಬಂದೆ. ಮಾರನೆಯ ದಿನ ಅವಳು ವಾಕಿಂಗ್‌ನಲ್ಲಿ ಸಿಕ್ಕಿ, “ತುಂಬಾ ಚೆನ್ನಾಗಿತ್ತು ಅಂಕಲ್, ಸುಧೀರ್ ಎರಡು ಸಲ ಹಾಕಿಸ್ಕೊಂಡ” ಎಂದಳು. ಮಂಗಳವಾರ ಕಸದ ಗಾಡಿ ಬರುವ ಬೆಳಿಗ್ಗೆ ಅವಳ ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚಿರಲಿಲ್ಲ. ನಾನೇನೂ ಇಣುಕಲು ಹೋಗಲಿಲ್ಲ, ಟ್ರೇ ತಾನಾಗಿಯೇ ಕಾಣಿಸಿತು, ತುಂಬಿದ ಟ್ರೇ. ಕೋಪ ಬರಲಿಲ್ಲ. ಐದು ಬಿಸಿಬೇಳೆಬಾತುಗಳ ಪೈಕಿ ನಾಲ್ಕರ ಗತಿ ಏನಾಯಿತೆಂದು ನನ್ನ ಡಬ್ಬಿಗೂ ಗೊತ್ತು.

ಮನೆಯಲ್ಲಿ ಒಂದು ತಟ್ಟೆಯಷ್ಟು ಉಳಿದಿತ್ತು. ಬೆಣ್ಣೆಯಲ್ಲಿ ಹುರಿದು, ಈರುಳ್ಳಿ ಹಾಕಿ, ಅಡುಗೆಮನೆಯಲ್ಲೇ ನಿಂತು ತಿಂದೆ. ದವಡೆ ನೋಯುವವರೆಗೆ ಅಗಿದೆ. “ಲೇ, ಚೆನ್ನಾಗಿಲ್ಲ ಕಣೇ” ಎಂದೆ. ಮೂವತ್ತು ವರ್ಷದಲ್ಲಿ ಆ ಮಾತಿಗೆ ಧೈರ್ಯ ಬಂದದ್ದು ಅದೇ ಮೊದಲು, ಅದೂ ಸೌಟು ಹಿಡಿದು ತಿರುಗಿ ನೋಡುವವಳು ಇಲ್ಲದಾಗ. ಹೇಳಿದ ಮೇಲೂ ಯಾಕೋ ಅಳುಕಾಯಿತು. ಒಲೆಯ ಕಡೆ ತಿರುಗಿ, ಲೇ ಅಂದದ್ದು ಜರ್ಮನ್‌ನಲ್ಲಿ ಎಂದು ಸೇರಿಸಿದೆ.