ಬೆಲ್ಲ, ನೀರು, ಬಿಪಿ

ನಮ್ಮ ಭಾವನಷ್ಟು ಧಾರಾಳಿಯನ್ನು ಹರಿಹರಪುರದಲ್ಲಿ ನಾನಂತೂ ಕಂಡಿಲ್ಲ. ತಮ್ಮ ಕಾಯಿಲೆಯಲ್ಲೂ ಊರಿಗೆ ಪಾಲು ಕೊಟ್ಟ ಪುಣ್ಯಾತ್ಮ!

ಭಾವ ನನ್ನ ಯಜಮಾನರ ಅಣ್ಣ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾರೆ. ಬಿಪಿ ಹತೋಟಿಗೆ ಬಾರದೆ ಡಾಕ್ಟರ್ರು ಒಂದು ಯಂತ್ರ ಕೊಟ್ಟರು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅಂಕಿ ಫೋನಿನಿಂದ ತಾನಾಗಿಯೇ ಕೊಪ್ಪದ ಆಸ್ಪತ್ರೆಯಲ್ಲಿರುವ ಸಿಸ್ಟರ್‌ಗೆ ಹೋಗುತ್ತದೆ. ಬಸ್ಸು ಹತ್ತಬೇಕಿಲ್ಲ, ಟೋಕನ್ ಹಿಡಿದು ಕೂರಬೇಕಿಲ್ಲ. ಶಾರದಾಂಬೆಯ ದಯೆ ಎಂದು ಕೈಮುಗಿದೆ.

ಆ ದಯೆಯನ್ನು ಭಾವ ಜಗಲಿಯಲ್ಲೇ ಹಂಚಿಬಿಟ್ಟರು! ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಪದ್ಧತಿಯಲ್ಲವೇ? ಇವರು ಅದಕ್ಕೆ ಬಿಪಿಯನ್ನೂ ಸೇರಿಸಿದರು. ಗ್ಯಾಸ್ ಸಿಲಿಂಡರ್ ಹೊತ್ತು ಇಪ್ಪತ್ತು ಮೆಟ್ಟಿಲು ಹತ್ತಿದವನನ್ನೂ ಬಿಡಲಿಲ್ಲ.

“ಬಾ ಮಾರಾಯ, ಬೆಲ್ಲ ತಿನ್ನು, ಕೈ ನೀಡು.”

ಅವನ ಏದುಸಿರೆಲ್ಲ ಹೋಗಿ ಸೇರಿದ್ದು ಯಾರ ಹೆಸರಿಗೆ? ಭಾವನ ಹೆಸರಿಗೆ!

ಸಿಸ್ಟರ್ ಫೋನು ಮಾಡಿದಳು. “ಅಜ್ಜ, ಹನ್ನೊಂದು ಗಂಟೆಗೆ ಇಷ್ಟು ಜಾಸ್ತಿ ಬಂದಿದೆಯಲ್ಲ, ಎಂತ ಮಾಡ್ತಿದ್ರಿ?”

“ಎಂತದೂ ಇಲ್ಲಮ್ಮ, ಬೆಲ್ಲ ಕೊಡ್ತಿದ್ದೆ.”

ಪಾಪ, ಅವಳಿಗೇನು ಗೊತ್ತು? ಹಾಗೇ ಒಂದು ವಾರ ಕಂಡವರ ಅಂಕಿಯೆಲ್ಲ ಹೋಯಿತು. ಡಾಕ್ಟರ್ರು ಅದನ್ನೇ ನಂಬಿ ಮಾತ್ರೆ ಏರಿಸಿದರು. ಏರಿಸಿದ ನಾಲ್ಕನೆಯ ಬೆಳಿಗ್ಗೆ ಭಾವ ತಲೆ ತಿರುಗಿ ತುಳಸಿಕಟ್ಟೆಯ ಬಳಿ ಬಿದ್ದರು. ಕಟ್ಟೆಗೆ ತಲೆ ಬಡಿಯದೆ ಕನ್ನಡಕ ಬಡಿಯಿತು, ಅದೊಂದು ಪುಣ್ಯ. ಎತ್ತಿ ಕೂರಿಸಲು ಯಜಮಾನರು ಮನೆಯಲ್ಲೇ ಇದ್ದರು, ಅದು ಎರಡು. ಮೂರನೆಯದನ್ನು ಹುಡುಕುವ ತಾಳ್ಮೆ ನನಗಿರಲಿಲ್ಲ. ಫೋನು ಎತ್ತಿಕೊಂಡು ಸಿಸ್ಟರ್‌ಗೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

ಡಾಕ್ಟರ್ರು ಮಾತ್ರೆ ಇಳಿಸಿದರು. ಸಿಸ್ಟರ್ ಯಂತ್ರದ ಕಾವಲನ್ನು ನನಗೆ ವಹಿಸಿದಳು. ಬೆಳಿಗ್ಗೆ ಮಾತ್ರೆಗೆ ಮೊದಲು, ಐದು ನಿಮಿಷ ಕೂತ ಮೇಲೆ ನೋಡಬೇಕು. ಬೇರೆಯವರ ತೋಳಿಗೆ ಪಟ್ಟಿ ಸೋಕಕೂಡದು. ಯಂತ್ರ ಓಡುವಾಗ ಮಾತು ಕೂಡದು.

ಮರುದಿನ ಭಾವ ಪಟ್ಟಿ ಸುತ್ತಿಕೊಳ್ಳುವಾಗಲೇ ಹರಿಹಾಯ್ದೆ. “ಸತ್ತೇ ಹೋಗ್ತಿದ್ರಿ ಭಾವ! ದಾನ ಮಾಡ್ಲಿಕ್ಕೆ ನಿಮಗೆ ಬೇರೆ ಎಂತದೂ ಸಿಕ್ಲಿಲ್ವಾ? ಮನೆಯಲ್ಲಿ ನಾವಿದ್ದೇವೆ ಅಂತ ನೆನಪಾದ್ರೂ ಉಂಟಾ?”

ಭಾವ ನೆಲ ನೋಡಿದರು. “ನಂದೊಂದೇ ನೋಡ್ತಾ ಕೂತ್ರೆ ಹೆದರಿಕೆ ಆಗ್ತದೆ ಮಾರಾಯ್ತಿ. ನಾಲ್ಕು ಜನರದ್ದು ನೋಡಿದ್ರೆ ಸ್ವಲ್ಪ ಧೈರ್ಯ.”

ನನ್ನ ಬಾಯಲ್ಲಿ ಬೈಗುಳ ಇನ್ನೂ ಬೇಕಾದಷ್ಟಿತ್ತು. ಗುಂಡಿ ಒತ್ತಿದೆ, ಪಟ್ಟಿ ಉಬ್ಬತೊಡಗಿತು. ಇನ್ನು ಮಾತು ಕೂಡದು. ಅವರ ಇನ್ನೊಂದು ಕೈ ತೊಡೆಯ ಮೇಲಿನ ಪಂಚೆಯನ್ನು ಮುದುರಿ ಹಿಡಿದಿತ್ತು. ಮದುವೆಯಾಗಿ ಇಪ್ಪತ್ತೆಂಟು ವರ್ಷ, ಭಾವನ ಕೈ ಮುಟ್ಟಿದವಳಲ್ಲ ನಾನು. ಹಿಡಿದುಕೊಂಡೆ. ಅಂಕಿ ಬರುವವರೆಗೂ ಬಿಡಲಿಲ್ಲ.