ಹುಣಸೆಹಣ್ಣಿಗೆ ಸಿಕ್ಕಿದ ಚದುರಂಗ

ಎಲ್ಲಕ್ಕೂ ಕಾರಣ ನಿಂಬೆಗಾತ್ರದ ಒಂದು ಉಂಡೆ ಹುಣಸೆಹಣ್ಣು. ನೀರು ತುಂಬುವ ಹಬ್ಬದ ಬೆಳಿಗ್ಗೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುರೇಂದ್ರ ತೋಟಕ್ಕೆ ಹೋದ ಮೇಲೆ ಅವನ ಹೆಂಡತಿ ಸುಕನ್ಯಾ ಹುಣಸೆಹಣ್ಣು ನೆನೆಹಾಕಿ ಹಂಡೆ ತಿಕ್ಕಲು ಕೂತಳು. ಹಂಡೆ ಆಯಿತು, ದೀಪದ ಕಂಬಗಳಾದವು. ಹಬ್ಬದ ದಿನ ತಿಕ್ಕುವ ಕೈ ಅಷ್ಟಕ್ಕೇ ಸುಮ್ಮನಿರುತ್ತದೆಯೇ?

ಮಧ್ಯಾಹ್ನ ಸುರೇಂದ್ರ ಊಟಕ್ಕೆ ಬಂದಾಗ ಜಗಲಿಯ ಗೋಣಿಚೀಲದ ಮೇಲೆ ಎರಡು ಸೈನ್ಯಗಳು ಬಿಸಿಲು ಕಾಯಿಸುತ್ತಿದ್ದವು. ರಾಜ, ರಾಣಿ, ಆನೆ, ಕುದುರೆ, ಕಾಲಾಳು, ಎಲ್ಲವೂ ಥಳಥಳ. ಕೆಂಪು ಸೈನ್ಯ ಯಾವುದು, ಹಸಿರು ಸೈನ್ಯ ಯಾವುದು ಎಂಬ ಗುರುತೇ ಉಳಿದಿರಲಿಲ್ಲ.

"ಬೂದಿನೀರಲ್ಲಿ ಕುದಿಸಿದ್ಮೇಲೆ ಬಿಡ್ತು ರೀ. ಎಂಥಾ ಕೊಳೆ ಅಂತೀರಿ," ಎಂದಳು ಸುಕನ್ಯಾ.

"ಕೊಳೆ ಅಲ್ಲ ಮಾರಾಯ್ತಿ, ಬಣ್ಣ ಅದು," ಎಂದ ಸುರೇಂದ್ರ, ಒಂದೊಂದೇ ಬೊಂಬೆ ಎತ್ತಿ ತಿರುಗಿಸಿ ನೋಡುತ್ತ.

ಬೊಂಬೆಗಳು ಅವನವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆ ವರ್ಷಗಳಲ್ಲಿ ಕಾಫಿಗೆ ಎಂದೂ ಕಾಣದ ಧಾರಣೆ ಬಂದು ತೋಟದವರಿಗೆಲ್ಲ ಒಂದೊಂದು ಹುಚ್ಚು ಹತ್ತಿತ್ತು. ಸುರೇಂದ್ರನ ಸಾಹುಕಾರರಾದ ಸಿದ್ದಬಸಪ್ಪನವರಿಗೆ ಹತ್ತಿದ್ದು ಹಳೇ ಸಾಮಾನಿನ ಹುಚ್ಚು. ಯಾವುದೋ ದೊರೆಯ ಬಂಗಲೆಯ ಹರಾಜಿನಲ್ಲಿ ಈ ಕಂಚಿನ ಚದುರಂಗ ಕೊಂಡು ತಂದು ಗಾಜಿನ ಬೀರುವಿನಲ್ಲಿಟ್ಟಿದ್ದರು. ಸುರೇಂದ್ರನಿಗೂ ಅದೇ ಹುಚ್ಚು, ಆದರೆ ಗುಜರಿ ಅಂಗಡಿಯ ಮಟ್ಟದ್ದು. ಕಿವಿ ಮುರಿದ ಕಂಚಿನ ನಾಯಿಯೊಂದೇ ಅವನ ಸಂಗ್ರಹದ ಹೆಮ್ಮೆ. ಸಾಹುಕಾರರ ಬೀರುವಿನ ಮುಂದೆ ನಿಂತು, ಈ ಬಣ್ಣ ನೂರೈವತ್ತು ವರ್ಷದ್ದು, ಇಂಗ್ಲೆಂಡಿನ ಕೈಕೆಲಸ ಎಂದು ಮೇಸ್ತ್ರಿಗಳಿಗೆಲ್ಲ ಪಾಠ ಹೇಳುತ್ತಿದ್ದ. ಎಂದಾದರೂ ಒಂದು ದಿನ ಆ ಬೀರುವಿನ ಬೀಗದಕೈ ತನ್ನ ಕೈಗೆ ಬರಬೇಕು, ಇಷ್ಟೇ ಅವನ ಆಸೆ.

ಹಿಂದಿನ ಸಂಜೆ ಸಾಹುಕಾರರು, ಎಲೆಅಡಿಕೆ ತುಂಬಿದ ಬಾಯಲ್ಲೇ, ಪೆಟ್ಟಿಗೆಯನ್ನು ಅವನ ಕೈಗಿತ್ತು ಮನೆಗೆ ಒಯ್ಯಲು ಹೇಳಿದ್ದರು. ನಾಳೆ ಸಂಜೆ ತನ್ನಿ, ಹಬ್ಬಕ್ಕೆ ಚಿಕ್ಕಮಗಳೂರಿನ ನೆಂಟರು ನೋಡಲು ಬರುತ್ತಾರೆ ಎಂದೂ ಸೇರಿಸಿದ್ದರು. ಯಾಕೆ ಎಂದು ಇವನು ಕೇಳಲಿಲ್ಲ. ಬಂಗಲೆ ತುಂಬ ಮೊಮ್ಮಕ್ಕಳು, ಬೆಲೆ ಬಲ್ಲವನ ಮನೆಯಲ್ಲಿ ಭದ್ರವಾಗಿರಲಿ ಎಂದೇ ಕೊಟ್ಟಿದ್ದಾರೆ ಎಂದು ತಾನೇ ತೀರ್ಮಾನಿಸಿ ಎದೆಯುಬ್ಬಿಸಿಕೊಂಡು ಬಂದಿದ್ದ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಪಕ್ಕದ ಮನೆಯ ತಂಗಮ್ಮ ಬಂದು, ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಕೆಂಪು ಸೈನ್ಯ ಎದ್ದು ಕೂರುತ್ತದೆ ಎಂದರು. ಅವರ ಗಂಡ ಮಾರಯ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಡಿಕೆಮರಕ್ಕೆ ಹೊಡೆದು ಉಳಿದ ನೀಲಿಹಸಿರು ಬೋರ್ಡೋ ಔಷಧಿಯಲ್ಲಿ ಅದ್ದಿಬಿಡಿ, ಬಣ್ಣಕ್ಕೆ ಬಣ್ಣವೂ ಆಯಿತು, ಕೊಳೆರೋಗವೂ ತಗಲುವುದಿಲ್ಲ ಎಂದರು. ಸಾಹುಕಾರರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ ಎಂದವಳು ಸುಕನ್ಯಾ ಒಬ್ಬಳೇ. ಆ ಮಾತು ಮಾತ್ರ ಸುರೇಂದ್ರನ ಕಿವಿಗೆ ಬೀಳಲಿಲ್ಲ.

ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಅವನು ಓಡಿದ್ದು ಗೋಣಿಬೀಡಿನಲ್ಲಿ ಲಾರಿ, ಬೋರ್ಡು, ಕಿಟಕಿ ಬಾಗಿಲುಗಳಿಗೆ ಬಣ್ಣ ಬಳಿಯುವ ಬೊಮ್ಮಯ್ಯನ ಹತ್ತಿರ. ಬೊಮ್ಮಯ್ಯ ರಾಜನನ್ನು ಎತ್ತಿ, ತಿರುಗಿಸಿ ನೋಡಿ, ಮೀಸೆಯಲ್ಲೇ ನಕ್ಕ. ರಾಜನ ನಿಲುವಂಗಿ ಹೇಗಿತ್ತು ಎಂದು ಸುರೇಂದ್ರ ವಿವರಿಸಲು ಬಾಯಿ ತೆರೆದ.

"ಗೊತ್ತು ಬಿಡಿ ರೈಟ್ರೇ. ನೀವು ಹೋಗಿ ಕಾಫಿ ಕುಡ್ಕಂಡು ಬನ್ನಿ."

ಹೋಟೆಲಿನಲ್ಲಿ ಕಾಫಿಯ ಮೇಲೆ ಕಾಫಿ ಕುಡಿದು ಬರುವಷ್ಟರಲ್ಲಿ ಪವಾಡವೇ ನಡೆದಿತ್ತು. ರಾಜನಿಗೆ ಅದೇ ಕೆಂಪು ನಿಲುವಂಗಿ, ರಾಣಿಗೆ ಅದೇ ಗುಲಾಬಿ ಕೆನ್ನೆ. ಕುದುರೆಯ ಕಳ್ಳನೋಟ ಕೂಡ ಕೂದಲಷ್ಟೂ ಬದಲಾಗಿರಲಿಲ್ಲ. ಇಂಗ್ಲೆಂಡಿನವರ ಕೈಯನ್ನೇ ಮೀರಿಸಿದ ಕಲಾವಿದ ಇಲ್ಲಿ ಲಾರಿಯ ಹಿಂದೆ ಹೂಬಳ್ಳಿ ಬಿಡಿಸುತ್ತ ಕೂತಿದ್ದಾನಲ್ಲ ಎಂದು ಸುರೇಂದ್ರ ಜೇಬಿನಲ್ಲಿದ್ದದ್ದನ್ನೆಲ್ಲ ಅವನ ಮುಂದೆ ಸುರಿದ. ಬೊಮ್ಮಯ್ಯ ದುಡ್ಡು ಮುಟ್ಟಲಿಲ್ಲ. ಸಾಹುಕಾರರ ಸಾಮಾನಿಗೆ ದುಡ್ಡು ಯಾಕೆ ಎಂದ. ಬಣ್ಣ ಇನ್ನೂ ಅಂಟಂಟಾಗಿತ್ತು, ಆದರೆ ಹೊತ್ತು ಇಳಿಯುತ್ತಿತ್ತು. ಹಳೇ ಪೇಪರಿನಲ್ಲಿ ಸುತ್ತಿಕೊಂಡು ಸುರೇಂದ್ರ ಬಂಗಲೆಗೆ ಹೋಗುವ ಜೀಪು ಹತ್ತಿದ.

ಸಿದ್ದಬಸಪ್ಪನವರು ಪೆಟ್ಟಿಗೆ ತೆರೆದರು. ನೋಡಿದರು. ಮುಖ ಸಪ್ಪೆಯಾಯಿತು. ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದರು. ಅವರು ಹಾಗೆ ಉಗಿದು ಮಾತಾಡುವುದು ಬಹಳ ಅಪರೂಪ.

"ಅಲ್ಲಾ ರೈಟ್ರೇ, ಹಾಗೇ ವಾಪಸ್ ತಂದಿದ್ದೀರಲ್ಲ. ಹೋದ ವರ್ಷ ಇವನ್ನ ತಂದು ಬೀರುಗೆ ಇಡೋ ಮೊದ್ಲೇ, ಆ ಬೊಮ್ಮಯ್ಯಂಗೆ ಕಿಟಕಿಗೆ ಬಣ್ಣ ಬಳಿಯೋ ಅಂದ್ರೆ, ನನ್ನ ಒಂದು ಮಾತೂ ಕೇಳ್ದೆ ಉಳಿದ ಬಣ್ಣಾನ ಇವಕ್ಕೆ ಬಳಿದಿಟ್ಟಿದ್ದ. ಚಿನ್ನದ ಹಾಗಿದ್ದ ಕಂಚು. ನಿಮ್ಮನೆ ದೀಪದ ಕಂಬದಲ್ಲಿ ಮುಖ ಕಾಣತ್ತೆ, ನೋಡಿದ್ದೀನಿ. ನಿಮ್ಮನೆಯವ್ರ ಕೈಲಿ ತಿಕ್ಕಿಸೋಣ ಅಂತ ಕಳಿಸಿದ್ರೆ..."

ಸುರೇಂದ್ರನಿಗೆ ತನ್ನ ಬಾಯಲ್ಲೇ ಎಲೆಅಡಿಕೆ ತುಂಬಿದಂತಾಯಿತು. ತಿಕ್ಕಿಸಿದ್ದೆ ಎನ್ನುವ ಹಾಗಿಲ್ಲ. ಆಮೇಲೆ ಬಳಿಸಿದೆ ಎಂದೂ ಹೇಳಬೇಕಾಗುತ್ತದೆ.

ಸಾಹುಕಾರರೇ ಕರಗಿ ಪೆಟ್ಟಿಗೆ ಮುಚ್ಚಿಕೊಟ್ಟರು. "ಹೋಗ್ಲಿ, ಬೆಳಿಗ್ಗೆ ನೆಂಟರು ಬರೋದ್ರೊಳಗೆ ಆಗ್ಲಿ. ಅಂದ ಹಾಗೆ, ಈ ಬೀರು ನೋಡ್ಕೊಳ್ಳೋಕೆ ನಂಬಿಕಸ್ತರು ಒಬ್ರು ಬೇಕು. ಬೀಗದಕೈ ನಿಮ್ಮನೆಯವ್ರಿಗೇ ಕೊಡೋಣ ಅಂತಿದ್ದೀನಿ. ಕೇಳಿ ನೋಡಿ."

ಮನೆಗೆ ಬಂದು ಸುರೇಂದ್ರ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಸುಕನ್ಯಾ ನಗಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತು. ಬೂದಿನೀರಿಗೆ ಉರಿಯುತ್ತಿದ್ದ ತನ್ನ ಅಂಗೈಗಳನ್ನು ತೋರಿಸಿ, ಹುಣಸೆಹಣ್ಣಿನ ಬಟ್ಟಲನ್ನು ಅವನ ಮುಂದೆ ತಳ್ಳಿದಳು. ಸುರೇಂದ್ರ ಪಂಚೆ ಮೇಲೆ ಕಟ್ಟಿ ಬಚ್ಚಲಲ್ಲಿ ಕೂತು ರಾಜನನ್ನು ತಿಕ್ಕತೊಡಗಿದ. ರಾಜನ ಬೆನ್ನಿಗೆ ಪೇಪರಿನ ಚೂರು ಅಂಟಿಕೊಂಡು, ಹಿಂದಿನ ವಾರದ ಕಾಫಿ ಧಾರಣೆ ಉಲ್ಟಾ ಅಚ್ಚಾಗಿತ್ತು.

ಸುಕನ್ಯಾ ಹೊಸಿಲಲ್ಲಿ ನಿಂತು ನೋಡಿದಳು.

"ಕುದುರೆ ಕಿವಿ ಸಂದಿ ಬಿಟ್ಟಿದ್ದೀರಿ. ಸರಿಯಾಗಿ ತಿಕ್ಕಿ ರೀ, ನಾಳೆಯಿಂದ ಅದರ ಜವಾಬ್ದಾರಿ ನಂದು."