ತೊಟ್ಟಿಯೊಳಗೆ ನಲವತ್ತಡಿ ನೀರು

"ಸಾರಿಗೆ ಎಷ್ಟು ನೀರು ಹುಯ್ಬೇಕು ಅನ್ನದೇ ಗೊತ್ತಿಲ್ಲ, ಇವ್ಳು ಕೆರೆ ನೋಡ್ಕತಾಳಂತೆ, ಕೆರೆಯಾ!"

ಹೀಗೆಂದವರು ನನ್ನ ಭಾವ, ಅಂದರೆ ಯಜಮಾನರ ಅಣ್ಣ. ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಕೆರೆ ಮೀನಿನ ಹರಾಜು ನಡೆದಾಗ, ಊರವರೆಲ್ಲರ ಎದುರಿಗೇ ಅಂದರು. ಅಲ್ಲಿಯವರೆಗೆ ಪ್ರತಿ ಸಲವೂ ಹರಾಜು ಕೂಗುವವರು ಅವರೊಬ್ಬರೇ, ಕೆರೆ ಹಿಡಿಯುವವರೂ ಅವರೊಬ್ಬರೇ. ಆ ಸಲ ನಾನೂ ಕೂಗಿದೆ, ಕೆರೆ ನನಗೆ ಬಂತು. ನಮ್ಮ ಯಜಮಾನರು ಅಣ್ಣನ ಮಾತಿಗೆ ಎದುರಾಡಿದವರಲ್ಲ. ನನ್ನ ಮಾತಿಗೂ ಎದುರಾಡಿದವರಲ್ಲ. ಆದ್ದರಿಂದ ಅವರು ಮೆಲ್ಲಗೆ ಎದ್ದು ದನಕ್ಕೆ ನೀರು ಕುಡಿಸಲು ಹೊರಟುಹೋದರು.

ನಾನು ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿದ್ದಿದ್ದರೆ ನನ್ನ ಬದುಕಿನಲ್ಲಿ ಇಂಥವೆಲ್ಲ ಒಂದರ ಹಿಂದೆ ಒಂದು ನಡೆಯುತ್ತಲೇ ಇರಲಿಲ್ಲ.

"ಬರೋ ಹೊಸತೊಡಕಿಗೆ ಈ ಊರಿನ ಪ್ರತಿ ಮನೆಗೂ ನನ್ ಕೆರೆಯಿಂದ ಒಂದೊಂದು ಗುಡ್ಡೆ ಮೀನು ಹಾಕ್ತೀನಿ. ಹಾಕ್ದೆ ಹೋದ್ರೆ ಕೆರೆ ನಿಮ್ಗೇ ಬುಟ್ಕೊಡ್ತೀನಿ ಭಾವ" ಅಂದುಬಿಟ್ಟೆ.

ನಮ್ಮ ಕಡೆ ಯುಗಾದಿಯ ಮಾರನೆಯ ದಿನವೇ ಹೊಸತೊಡಕು. ಅವತ್ತು ಬಾಡು ಬೇಯದ ಮನೆ ಇರುವುದಿಲ್ಲ. ಹತ್ತಾರು ಮನೆಯವರು ಸೇರಿ ಕುರಿ ಕಡಿದು, ಮಾಂಸವನ್ನು ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ನನ್ನ ಮಾತು ಕೇಳಿ ಊರವರು ಆ ವರ್ಷ ಕುರಿಯನ್ನೇ ತರಲಿಲ್ಲ. ಅಂದರೆ ನಾನು ಸೋತರೆ ಕೆರೆಯೂ ಹೋಗುತ್ತಿತ್ತು, ಹೊಸತೊಡಕಿನ ದಿನ ಇಡೀ ಊರಿಗೆ ಸೊಪ್ಪಿನ ಸಾರು ತಿನ್ನಿಸಿದವಳು ಎಂಬ ಹೆಸರೂ ಬರುತ್ತಿತ್ತು. ಎರಡನೆಯದನ್ನು ನಮ್ಮ ಸೀಮೆಯಲ್ಲಿ ಯಾರೂ ಕ್ಷಮಿಸುವುದಿಲ್ಲ.

ಕೆರೆಗೆ ಬಿಟ್ಟಿದ್ದ ಕಾಟ್ಲಾ ಮರಿ ಬೆಳೆದಿರಬೇಕೆಂದು ಎರಡು ಸಲ ಬಲೆ ಎಳೆಸಿ ನೋಡಿದೆ. ಮೊದಲ ಸಲ ಜೊಂಡು ಬಂತು. ಎರಡನೆಯ ಸಲ ಜೊಂಡಿನ ಜೊತೆ ಒಂದು ಹವಾಯಿ ಚಪ್ಪಲಿ ಬಂತು.

ಸಾಹೇಬರ ತೊಟ್ಟಿ

ಶ್ರೀರಂಗಪಟ್ಟಣದಲ್ಲಿ ಒಬ್ಬರು ಸಾಹೇಬರು ಗುಜರಿ ಅಂಗಡಿ ಇಟ್ಟಿದ್ದರು. ಬೊಂಬಾಯಿಯಿಂದ ಹಡಗಿನ ಹಳೇ ಸಾಮಾನು ತರಿಸಿ ಮಾರುತ್ತಿದ್ದರು. ಅವರ ಹತ್ತಿರ ಮೀನು ತೋರಿಸುವ ಯಂತ್ರ ಬಂದಿದೆ ಎಂದು ಯಾರೋ ಹೇಳಿದರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮೂರಿಗೆ ಫೋನೇ ಸರಿಯಾಗಿ ಬಂದಿರಲಿಲ್ಲ, ನಾನು ಮೀನಿನ ಯಂತ್ರಕ್ಕೆ ಹೊರಟೆ.

ನೋಡಿದರೆ ಒಂದು ಪುಟ್ಟ ಟೀವಿ. ಅದಕ್ಕೊಂದು ವೈರು, ವೈರಿನ ತುದಿಯಲ್ಲಿ ಸಾಬೂನು ಬಿಲ್ಲೆಯಷ್ಟು ಕರಿ ಗಟ್ಟಿ. ಅದನ್ನು ನೀರಿಗೆ ಬಿಟ್ಟರೆ ನೀರು ಎಷ್ಟು ಆಳ, ಮೀನು ಎಲ್ಲಿದೆ ಎಂದು ಪರದೆಯ ಮೇಲೆ ಬರುತ್ತದಂತೆ.

"ನೀರಿಗೆ ಬಿಟ್ಟು ತೋರಿಸ್ದೆ ನಾನು ತಗಳಲ್ಲ ಸಾಹೇಬ್ರೇ" ಅಂದೆ.

ಅಂಗಡಿಯ ಹಿಂದೆ ಸಾಮಾನು ತೊಳೆಯುವ ಸಿಮೆಂಟಿನ ತೊಟ್ಟಿ ಇತ್ತು. ಮೊಣಕಾಲುದ್ದ ನೀರು. ಸಾಹೇಬರು ಕರಿ ಗಟ್ಟಿಯನ್ನು ಅದರಲ್ಲಿ ಮುಳುಗಿಸಿ ಗುಂಡಿ ಒತ್ತಿದರು. ಪರದೆ ಬೆಳಗಿತು. ಆಳ ನಲವತ್ತಡಿ. ಅದರಲ್ಲಿ ಐದು ಮೀನು, ಒಂದೊಂದೂ ತೋಳಿನ ಗಾತ್ರ.

ನಾನು ತೊಟ್ಟಿಗೆ ಬಗ್ಗಿ ನೋಡಿದೆ. ಒಂದು ಬೋಲ್ಟು ಬಿದ್ದಿತ್ತು.

"ಇದ್ರಾಗೆ ಮೀನೆಲ್ಲಿ ಸಾಹೇಬ್ರೇ?"

ಸಾಹೇಬರೂ ಬಗ್ಗಿ ನೋಡಿದರು. ಗಡ್ಡ ನೀವಿಕೊಂಡರು. ಆಮೇಲೆ ಮುಖ ಅರಳಿತು. "ಮಾಶಾಲ್ಲಾ! ಎಂಥಾ ಪವರ್ ನೋಡಮ್ಮಾ! ನಮ್ ಪಟ್ಣದ ಸುತ್ತಾ ಕಾವೇರಿ ಅಲ್ವಾ? ಅಡೀಲೂ ಹರೀತಾ ಇರ್ಬೇಕು. ತೊಟ್ಟಿ ದಾಟಿ, ನೆಲಾನೂ ದಾಟಿ, ಹೊಳೆ ಮೀನು ತೋರಿಸ್ತಾ ಐತೆ ಇದು!"

ಅವರು ನನಗೆ ಮೋಸ ಮಾಡಲಿಲ್ಲ. ನನಗಿಂತ ಹೆಚ್ಚು ಅವರೇ ಬೆರಗಾಗಿದ್ದರು. ಅವತ್ತು ಯಂತ್ರವನ್ನು ನನಗೆ ಕೊಡಲು ಅವರಿಗೆ ಮನಸ್ಸೇ ಬರಲಿಲ್ಲ.

ಕೆರೆಗೆ ಕೆರೆ ಮ್ಯಾಚಿಂಗು

ಹಾಗೂ ಹೀಗೂ ಒಪ್ಪಿಸಿ ಯಂತ್ರ ಕೊಂಡ ಮೇಲೆ ಸಾಹೇಬರು ಒಂದು ಬಿಸ್ಕತ್ತಿನ ಡಬ್ಬ ತೆಗೆದರು. ಅದರ ತುಂಬ ಬೆಂಕಿಪೊಟ್ಟಣದಂಥ ಕಾರ್ಡುಗಳು. ಒಂದೊಂದರೊಳಗೂ ಒಂದೊಂದು ಕೆರೆಯ ನಕ್ಷೆ ತುಂಬಿರುತ್ತದಂತೆ. ಯಂತ್ರದ ಪಕ್ಕದ ಸೀಳಿಗೆ ತುರುಕಿದರೆ ಆ ಕೆರೆ ಪರದೆಯ ಮೇಲೆ ಮೂಡುತ್ತದೆ.

"ನಮ್ ಕೆರೇದು ಐತಾ?"

"ಪಾಂಡವಪುರದ್ದು ಖಾಲಿಯಾಯ್ತು ಕಣಮ್ಮಾ. ಡಿಮ್ಯಾಂಡು ಜಾಸ್ತಿ."

ನಾನು ಸ್ಕೂಲಿಗೆ ಹೋದವಳಲ್ಲ. ಕನ್ನಡ ಕಲಿತದ್ದು ಬೆಲ್ಲ ಕಟ್ಟಿಕೊಡುವ ಪೇಪರಿನ ಚೂರುಗಳಿಂದ. ಇಂಗ್ಲಿಷ್ ಅಕ್ಷರ ಕಲಿತದ್ದು ಗೊಬ್ಬರದ ಚೀಲದಿಂದ, ಅರ್ಥ ಕಲಿತದ್ದು ಸಂತೆಯಲ್ಲಿ ಕೊಂಡ ಹಳೇ ಡಿಕ್ಷನರಿಯಿಂದ. ಆದರೆ ನಕ್ಷೆ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಿಗೆ ಹೋಗಿ, ಗ್ರಾಮದ ನಕ್ಷೆಯ ಮೇಲೆ ಎಣ್ಣೆ ಕಾಗದ ಇಟ್ಟು ನಮ್ಮ ಕೆರೆಯ ಆಕಾರ ಬರೆದುಕೊಂಡು ಮರುದಿನ ವಾಪಸು ಬಂದೆ. ಸೀರೆಯ ತುದಿ ಹಿಡಿದು ರವಿಕೆ ಬಟ್ಟೆ ಆರಿಸುವುದಿಲ್ಲವೇ, ಹಾಗೆ. ಒಂದೊಂದೇ ಕಾರ್ಡು ತುರುಕುವುದು, ಎಣ್ಣೆ ಕಾಗದವನ್ನು ಪರದೆಯ ಮೇಲೆ ಇಟ್ಟು ನೋಡುವುದು.

ಒಂದು ಕೆರೆಗೆ ಹೊಟ್ಟೆ ದಪ್ಪ. ಒಂದು ತೀರಾ ಸಣಕಲು. ಇನ್ನೊಂದರ ನಡುವೆ ದ್ವೀಪ, ಬೇಡ ಅಂದೆ.

"ದ್ವೀಪ ಇದ್ರೆ ಏನಮ್ಮಾ ತಪ್ಪು? ನಾನು ಹುಟ್ಟಿದ್ದೇ ದ್ವೀಪದಾಗೆ" ಎಂದು ಸಾಹೇಬರು ಮುನಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಅದೇ ಏರಿ, ಅದೇ ಬಾಗು, ತೂಬಿನ ಹತ್ತಿರ ಅದೇ ಮೂಲೆ. ಎಣ್ಣೆ ಕಾಗದ ಮೈಗೆ ಅಂಟಿದಂತೆ ಕೂತಿತು. ಕೆಳಗಿನ ಸಣ್ಣ ಅಕ್ಷರವನ್ನು ಕೂಡಿಸಿ ಕೂಡಿಸಿ ಓದಿದೆ. ಯಾವುದೋ ಚಳಿ ದೇಶದ ಸರೋವರ. ಈ ದಡದಿಂದ ಆ ದಡಕ್ಕೆ ನಲವತ್ತು ಮೈಲಿ.

"ಸಾಹೇಬ್ರೇ, ನಮ್ ಕೆರೇಲಿ ಈ ದಡದಲ್ಲಿ ಕೆಮ್ಮಿದ್ರೆ ಆ ದಡದಲ್ಲಿ ಕೇಳ್ತದೆ. ಇದು ನಲವತ್ತು ಮೈಲಿ!"

ಸಾಹೇಬರು ಒಂದು ಚೂರೂ ಯೋಚಿಸಲಿಲ್ಲ. "ಹೊಸಾ ಮಾಲು ಅಲ್ವಾಮ್ಮಾ? ಒಂದ್ಸಲ ನೀರಿಗೆ ಹಾಕಿ, ಕುಗ್ತದೆ."

ನಾವು ಈ ದಡ, ಅದು ಆ ದಡ

ತೆಪ್ಪ ನಡೆಸಲು ಶೀಳನೆರೆ ಕಡೆಯ ಒಬ್ಬ ಮೀನಿನವನನ್ನು ಗೊತ್ತು ಮಾಡಿದ್ದೆ. ಮಾತು ಹೆಚ್ಚು, ನಂಬಿಕೆ ಅದಕ್ಕಿಂತ ಹೆಚ್ಚು. ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ತೆಪ್ಪದಲ್ಲಿಟ್ಟೆವು. ಕರಿ ಗಟ್ಟಿಯನ್ನು ಬಿದಿರು ಗಳುವಿಗೆ ಕಟ್ಟಿದೆವು. ಅವನು ಪರದೆಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದ.

ತೆಪ್ಪ ಎಂದರೆ ದುಂಡಗಿನ ಬುಟ್ಟಿ. ಅದಕ್ಕೆ ಮುಂದು ಯಾವುದು ಹಿಂದು ಯಾವುದು ಎಂದು ದೇವರಿಗೂ ಗೊತ್ತಿಲ್ಲ. ಒಂದು ಹುಟ್ಟು ಹಾಕಿದರೆ ಒಂದು ಸುತ್ತು ತಿರುಗುತ್ತದೆ. ಆದರೆ ಪರದೆಯ ಮೇಲೆ ನಮ್ಮ ದೋಣಿಯ ಗುರುತು ಮಾತ್ರ ನೇರವಾಗಿ, ಗೆರೆ ಎಳೆದಂತೆ ಹೊರಟಿತ್ತು. ಕೆಳಗೆ ನಲವತ್ತಡಿ ನೀರು. ಐದು ಮೀನು.

"ನೋಡಕ್ಕಾ, ನಾನು ಎಷ್ಟು ನೆಟ್ಟಗೆ ಓಡಿಸ್ತಾ ಇವ್ನಿ!" ಎಂದು ಅವನು ಬೀಗಿದ.

ಬಲೆ ಬಿಟ್ಟೆವು. ಜೊಂಡು. ಮತ್ತೆ ಬಿಟ್ಟೆವು. ಇನ್ನೊಂದು ಹವಾಯಿ ಚಪ್ಪಲಿ, ಮೊದಲಿನದರ ಜೋಡಿ. ನೋಡಿದರೆ ತೆಪ್ಪದ ಹಗ್ಗ ಇನ್ನೂ ದಡದ ಗೂಟಕ್ಕೇ ಕಟ್ಟಿತ್ತು. ಅಷ್ಟು ಹೊತ್ತೂ ನಾವು ಗೂಟದ ಪಕ್ಕದಲ್ಲೇ ಗಿರಗಿರ ತಿರುಗುತ್ತಿದ್ದೆವು.

ಅವನು ಗೂಟ ನೋಡಿದ, ಪರದೆ ನೋಡಿದ. ಮುಖ ಸಣ್ಣಗೆ ಮಾಡಿಕೊಂಡು ಕೇಳಿದ: "ಅಕ್ಕಾ, ಅದು ಆಗ್ಲೇ ಆ ದಡ ಸೇರ್ಕಬುಡ್ತು. ನಮ್ಮನ್ನ ಕರ್ಕೊಂಡೋಗಕ್ಕೆ ವಾಪಸ್ ಬತ್ತದಾ?"

ನಾಗಮಂಗಲದ ಹೊಲದಲ್ಲಿ ಮೀನು

ಶೀಳನೆರೆಯವನ ಬಾಯಿಂದ ಸುದ್ದಿ ನಾಗಮಂಗಲದವರೆಗೂ ಹೋಯಿತು. ನೆಲದೊಳಗಿನ ನೀರು ಕಾಣುವ ಯಂತ್ರ ಇದೆ ಎಂದು ಅಲ್ಲಿಯ ಇಬ್ಬರು ಅಣ್ಣತಮ್ಮಂದಿರು ಎಲೆ ಅಡಿಕೆ ಇಟ್ಟು ಕರೆಯಲು ಬಂದರು. ಬೋರ್‌ವೆಲ್ಲಿಗೆ ಜಾಗ ತೋರಿಸಬೇಕಂತೆ. ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನೆಲ್ಲ ಕರೆಸಿ ಸಾಕಾಗಿತ್ತಂತೆ. ನನ್ನನ್ನು ಯಾರಾದರೂ ಎಲೆ ಅಡಿಕೆ ಇಟ್ಟು ಕರೆದದ್ದು ಅದೇ ಮೊದಲು. ಹೋದೆ.

ಹೊಲದ ನಡುವಿನ ಬದುವಿನ ಮೇಲೆ ಕರಿ ಗಟ್ಟಿ ಇಟ್ಟು, ಅವರ ಟ್ರಾಕ್ಟರಿನ ಬ್ಯಾಟರಿಗೆ ವೈರು ಸಿಕ್ಕಿಸಿದೆ. ನಲವತ್ತಡಿ ನೀರು.

"ಬಿತ್ತು ನೀರು!" ಎಂದು ಅಣ್ಣ ಕೈಮುಗಿದ.

"ನೀರು ಅಷ್ಟೇ ಅಲ್ಲ ಕಣಣ್ಣ, ಮೀನೂ ಅವೆ!" ಎಂದ ತಮ್ಮ.

ಬದುವಿನ ಎಡಕ್ಕೆ ತಮ್ಮನ ಹೊಲ, ಬಲಕ್ಕೆ ಅಣ್ಣನದು. ಪರದೆಯ ಮೇಲಿನ ಮೀನು ಎಡದಿಂದ ಹೊರಟು ಬಲಕ್ಕೆ ಹೋಯಿತು. ತಮ್ಮನ ಮುಖ ಕೆಂಪಾಯಿತು.

"ಇದೇನಣ್ಣಾ ಅನ್ಯಾಯ? ನನ್ ಹೊಲದಾಗಿದ್ದ ಮೀನ ನಿನ್ ಹೊಲಕ್ಕೆ ಹೊಡ್ಕತಾ ಇದ್ದೀಯಾ?"

"ಲೇ, ನಾನೇನ್ಲಾ ಮಾಡ್ದೆ? ಅದೇ ಬಂತು! ಮೇವು ಎಲ್ಲಿ ಚೆನ್ನಾಗೈತೋ ಅಲ್ಲಿಗೆ ಬತ್ತದೆ!"

ಅವರನ್ನು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಆದರೆ ನನ್ನ ನಗು ಅಲ್ಲೇ ನಿಂತಿತು. ತೊಟ್ಟಿಯಲ್ಲಿ ನಲವತ್ತಡಿ, ಕೆರೆಯಲ್ಲಿ ನಲವತ್ತಡಿ, ಒಣ ರಾಗಿ ಹೊಲದಲ್ಲೂ ನಲವತ್ತಡಿ. ಎಲ್ಲೆಲ್ಲೂ ಅದೇ ಐದು ಮೀನು. ಯುಗಾದಿ ಹತ್ತಿರ ಬಂದಿತ್ತು.

ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಯಂತ್ರದ ಜೊತೆ ಬಂದಿದ್ದ ಪುಸ್ತಕವನ್ನೂ ನನ್ನ ಡಿಕ್ಷನರಿಯನ್ನೂ ತೊಡೆಯ ಮೇಲೆ ಹರಡಿಕೊಂಡೆ. ಎರಡು ಬಸ್ಸು ಬಿಟ್ಟೆ. ಮೂರನೆಯದೂ ಹೋಯಿತು. ಕೊನೆಗೆ ತಿಳಿಯಿತು. ಅಂಗಡಿಯಲ್ಲಿ ಗಿರಾಕಿಗೆ ತೋರಿಸುವುದಕ್ಕೆಂದು ಯಂತ್ರದೊಳಗೆ ಒಂದು ನಾಟಕ ಇಟ್ಟಿರುತ್ತಾರೆ. ನೀರು ಸುಳ್ಳು, ಮೀನು ಸುಳ್ಳು, ದೋಣಿ ಹೋಗುವುದೂ ಸುಳ್ಳು. ನಾಟಕ ನಿಲ್ಲಿಸಲು ಬೇರೆ ಗುಂಡಿ ಇದೆ. ಅದನ್ನು ಯಾರೂ ಒತ್ತಿರಲಿಲ್ಲ.

ಮರುದಿನ ಶ್ರೀರಂಗಪಟ್ಟಣಕ್ಕೆ ಹೋಗಿ ಸಾಹೇಬರಿಗೆ ಎಲ್ಲ ಹೇಳಿದೆ. ಬೈಯಬೇಕೆಂದೇ ಹೋಗಿದ್ದೆ. ಆದರೆ ಅವರು ತೊಟ್ಟಿಯ ಕಡೆ ತಿರುಗಿ ನಿಂತುಬಿಟ್ಟರು.

"ಅಂದ್ರೆ ಇದ್ರ ಕೆಳಗೆ ಮೀನಿಲ್ವಾ ಅಮ್ಮಾ? ಯಾ ಅಲ್ಲಾ! ಅವತ್ತಿಂದ ದಿನಾ ಒಂದ್ ಹಿಡಿ ಪುರಿ ಹಾಕ್ತಾ ಇದ್ದೀನಲ್ಲಾ!"

ಕಾರ್ಡು ಬದಲಾಯಿಸಿ ಕೊಡುತ್ತೇನೆ ಅಂದರು. ಬೇಡ ಅಂದೆ. ನಾನು ಆರಿಸಿದ್ದನ್ನು ನಾನು ವಾಪಸು ಕೊಡುವವಳಲ್ಲ.

ಹೊಸತೊಡಕು

ಆ ಬೆಳಿಗ್ಗೆ ಊರಿಗೆ ಊರೇ ಕೆರೆ ಏರಿಯ ಮೇಲೆ ಕೂತಿತ್ತು. ಹೆಂಗಸರು ಮಸಾಲೆ ರುಬ್ಬಿಟ್ಟು, ಖಾಲಿ ಪಾತ್ರೆ ಹಿಡಿದು ಬಂದಿದ್ದರು. ಭಾವ ಮನೆಯಿಂದ ಕುರ್ಚಿಯನ್ನೇ ತರಿಸಿಕೊಂಡಿದ್ದರು.

"ಏನಮ್ಮೀ, ಇವತ್ತು ನಿನ್ ಟೀವಿಯಾಗೆ ಯಾವ ಪಿಚ್ಚರು?"

ಗಂಡಸರೆಲ್ಲ ನಕ್ಕರು. ನಾನು ತೆಪ್ಪ ಹತ್ತಿದೆ. ಮೊದಲು ಗೂಟದ ಹಗ್ಗ ಬಿಚ್ಚಿದೆ. ಆಮೇಲೆ ಗುಂಡಿ ಒತ್ತಿ ನಾಟಕ ನಿಲ್ಲಿಸಿದೆ. ಕಾರ್ಡಿನ ಸರೋವರ ನಾವಿದ್ದ ಕಡೆ ಇರಲಿಲ್ಲವಲ್ಲ, ಪರದೆಯ ಮೇಲೆ ಬರೀ ಬಿಳುಪು, ನಡುವೆ ನಮ್ಮ ತೆಪ್ಪದ ಬಾಣದ ಗುರುತು.

ಶೀಳನೆರೆಯವನು ಕಂಗಾಲಾದ. "ಅಕ್ಕಾ! ಕೆರೆಯೇ ಇಲ್ಲ ಕಣಕ್ಕಾ!"

"ಕೆರೆ ನಿನ್ ಕುಂಡೆ ಕೆಳಗೈತೆ. ಹುಟ್ಟು ಹಾಕು."

ಚಳಿ ದೇಶದ ಕಾರ್ಡನ್ನು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡೆ. ಆಗ ಯಂತ್ರ ನಿಜ ಹೇಳತೊಡಗಿತು. ಆರಡಿ. ಏಳಡಿ. ಮೀನಿಲ್ಲ. ನಿಜ ಎಂಬುದು ಎಷ್ಟು ಬೇಸರದ ವಸ್ತು ಎಂದು ನನಗೆ ಅವತ್ತು ತಿಳಿಯಿತು. ತಿರುಗಿ ತಿರುಗಿ ಅರ್ಧ ಕೆರೆ ಮುಗಿಯಿತು. ಏರಿಯ ಮೇಲೆ ಯಾರೋ ಪಾತ್ರೆ ಬಡಿಯತೊಡಗಿದರು.

ತೂಬಿನ ಕಡೆಯ ಗುಂಡಿಗೆ ಬಂದಾಗ ಆಳ ಒಮ್ಮೆಲೇ ಎರಡರಷ್ಟಾಯಿತು. ಪರದೆಯ ತುಂಬ ಕಪ್ಪಗೆ, ದಪ್ಪಗೆ ಏನೋ ಮೂಡಿತು.

ಏರಿಯ ಮೇಲೆ ಭಾವ ಕುರ್ಚಿ ಬಿಟ್ಟು ಎದ್ದರು. "ಅಲ್ಲಿ ಬ್ಯಾಡ ಕಣಮ್ಮೀ! ಅಲ್ಲಿ ಸುಳಿ ಐತೆ! ಜೀವಕ್ಕೆ ಅಪಾಯ!"

ಮದುವೆಯಾಗಿ ಬಂದಾಗಿನಿಂದ ಭಾವ ನನ್ನ ಜೀವದ ಬಗ್ಗೆ ಕಾಳಜಿ ಮಾಡಿದ್ದು ಅದೇ ಮೊದಲು. ಯಂತ್ರದ ಮೇಲೆ ನನಗಿದ್ದ ಅನುಮಾನವೆಲ್ಲ ಆ ಕ್ಷಣ ಹೋಯಿತು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿಯನ್ನು ಮನೆಯಿಂದ ತಂದಿದ್ದೆ. ಹಗ್ಗ ಬಿಟ್ಟೆ. ಅದರ ಕೊಕ್ಕೆಗಳಿಗೆ ಏನೋ ಸಿಕ್ಕಿಕೊಂಡಿತು. ಇಬ್ಬರೂ ಸೇರಿ ಎಳೆದೆವು. ಮೇಲೆ ಬಂದದ್ದು ಬಲೆ. ಕಲ್ಲು ಕಟ್ಟಿ ತಳಕ್ಕೆ ಇಳಿಸಿದ್ದ, ಮೇಲೆ ಒಂದು ಬೆಂಡೂ ಕಾಣದಂತೆ ಮುಚ್ಚಿಟ್ಟಿದ್ದ ಬಲೆ. ಅದರ ತುಂಬ ನನ್ನ ಕಾಟ್ಲಾ ಮೀನುಗಳು ಒದ್ದಾಡುತ್ತಿದ್ದವು.

ಒಂದು ತುದಿ ತೂಬಿನ ಕಲ್ಲಿಗೆ ಸಿಕ್ಕಿಕೊಂಡು ಬರಲೊಲ್ಲದು. ಶೀಳನೆರೆಯವನು ಸೊಂಟದಿಂದ ಕುಡುಗೋಲು ತೆಗೆದ. ಅಷ್ಟರಲ್ಲಿ ಏರಿಯ ಮೇಲಿನಿಂದ ಒಂದು ಕೂಗು ಕೇಳಿಸಿತು.

"ಏಯ್! ಕುಯ್ಬ್ಯಾಡ ಕಣ್ಲಾ! ಹೊಸಾ ಬಲೆ ಕಣ್ಲಾ ಅದು, ಮೊನ್ನೆ ತಾನೇ ತಂದಿವ್ನಿ!"

ಕೂಗಿದವರು ಭಾವ. ಕೂಗಿದ ಮೇಲೆ ತಾವೇ ಬಾಯಿ ಮುಚ್ಚಿಕೊಂಡರು. ಪಾತ್ರೆ ಬಡಿಯುತ್ತಿದ್ದವರೂ ನಿಲ್ಲಿಸಿದರು. ಎಲ್ಲರೂ ತಿರುಗಿ ಅವರನ್ನೇ ನೋಡಿದರು. ಗುಂಪಿನಲ್ಲಿದ್ದ ಒಬ್ಬ ಮುದುಕಿ ನಿಧಾನವಾಗಿ ಅಂದಳು: "ಓ, ಸುಳಿ ಅಂದಿದ್ದು ಇದ್ಕಾ?"

ನಾನು ತೆಪ್ಪದಲ್ಲಿ ಎದ್ದು ನಿಂತೆ. ತೆಪ್ಪ ತಿರುಗುತ್ತಿದ್ದುದರಿಂದ ಅರ್ಧ ಮಾತು ಭಾವನ ಕಡೆಗೂ ಅರ್ಧ ಮಾತು ಆಚೆ ದಡದ ಎಮ್ಮೆಗಳ ಕಡೆಗೂ ಹೋಯಿತು. "ಕುಯ್ಯಲ್ಲ ಬುಡಿ ಭಾವ! ಇಷ್ಟು ಒಳ್ಳೆ ಬಲೇನ ಯಾರಾದ್ರೂ ಕುಯ್ತಾರಾ? ಜೋಪಾನವಾಗಿ ಮಡೀಕತೀನಿ!"

ಉಳಿದ ಮೀನಿಗೆ ಅದೇ ಗುಂಡಿಯಲ್ಲಿ ನಮ್ಮ ಬಲೆಯನ್ನೂ ಇಳಿಸಿದೆವು. ಏರಿಯ ಮೇಲೆ ಬಾಳೆ ಎಲೆ ಹಾಸಿ, ಮನೆಗೊಂದರಂತೆ ಗುಡ್ಡೆ ಹಾಕಿದೆ. ಪ್ರತಿ ಮನೆಗೂ ಅಂದಿದ್ದೆ. ಭಾವನ ಮನೆಯೂ ಮನೆಯೇ ತಾನೆ? ಅವರು "ನಾನಿವತ್ತು ಮೀನು ತಿನ್ನಲ್ಲ" ಎಂದು ಕುರ್ಚಿ ಹೊತ್ತುಕೊಂಡು ಹೊರಟರು. ಅವರ ಹೆಂಡತಿ ಮಾತ್ರ ಊರಿಗೇ ದೊಡ್ಡ ಪಾತ್ರೆ ಹಿಡಿದು ಸಾಲಿನ ಮೊದಲಿಗೇ ನಿಂತಿದ್ದರು.

ಆಮೇಲಿನ ಹರಾಜುಗಳಲ್ಲಿ ಇನ್ನೆರಡು ಹಿಡಿದು, ಈಗ ನನ್ನ ಕೈಯಲ್ಲಿ ಮೂರು ಕೆರೆಗಳಿವೆ. ನಿಜ ಹೇಳುವ ಒಂದು ಯಂತ್ರವಿದೆ. ಯಾವುದೋ ಚಳಿ ದೇಶದಲ್ಲಿ ನಲವತ್ತು ಮೈಲಿಯ ಒಂದು ಸರೋವರವಿದೆ, ಅದಿನ್ನೂ ಕುಗ್ಗಿಲ್ಲ. ಮತ್ತೆ ಒಂದು ಒಳ್ಳೆಯ ಬಲೆ. ಯಂತ್ರಕ್ಕೆ ನನ್ನ ಸೀಮೆಹಸು ಹೋಯಿತು, ಕಾರ್ಡಿಗೆ ಅದರ ಕರು ಹೋಯಿತು. ಬಲೆಗೆ ಕೊಟ್ಟದ್ದು ಭಾವನ ಮನೆಯ ಆ ಒಂದು ಗುಡ್ಡೆ ಮೀನು, ಅದೂ ತಲೆ ಇಲ್ಲದ್ದು.